ಮೊದಲ ಪುಟದಲ್ಲೊಂದು ಹೆಬ್ಬೆರಳು

ಇಲ್ಲ, ನೆರಳು ಇನ್ನೂ ಕ್ಯಾಸೆಟ್ ಪ್ಲೇಯರಿನ ಗುಂಡಿಗಳ ಮೇಲೇ ಬೀಳುತ್ತಿದೆ, ದೀಪವನ್ನು ಒಂದು ಗೇಣು ಹಿಂದಕ್ಕೆ ಸರಿಸಬೇಕು, ಸರಿಸಿದರೆ ಬೆಳ್ಳಿಬಣ್ಣದ ಮೈಮೇಲಿನ ಗೀರುಗಳೆಲ್ಲ ಎದ್ದು ಕಾಣುತ್ತವೆ, ಕಾಣಲಿ, ಗೀರು ಮುಚ್ಚಿಟ್ಟು ಮಾರಿದ ವಸ್ತು ಮರಳಿ ಬರುತ್ತದೆ, ಬರುವಾಗ ಒಂಟಿಯಾಗಿ ಬರುವುದಿಲ್ಲ, ಅಂಗಡಿಯ ಮಾನವನ್ನೂ ಬಾಯಲ್ಲಿ ಕಚ್ಚಿಕೊಂಡು ಬರುತ್ತದೆ — ಹೀಗೆಂದು ಅವನಿಗೆ ಹೇಳಿಕೊಟ್ಟವಳು ನಾನೇ, ಭಾವನ ಅಂಗಡಿಯ ಈ ಹಿಂದಿನ ಕೋಣೆಯಲ್ಲಿ, ಈ ಬಿಳಿ ಬಟ್ಟೆಯ ಮುಂದೆ, ಆಗ ಅವನು ಬೆಸುಗೆ ಕಡ್ಡಿಯ ಹೊಗೆ ಊದುತ್ತ ನಕ್ಕಿದ್ದ, ಏನ್ ಸಾಹಿತಿಗಳೇ, ಹಳೇ ರೇಡಿಯೋಗೆ ಇಷ್ಟೊಂದು ಮರ್ಯಾದೆನಾ, ನಮಗೂ ಸ್ವಲ್ಪ ಉಳಿಸಿ. ಬೆಸುಗೆಯವನು, ಅಂಗಡಿಯ ರಿಪೇರಿಗಾರ, ನನಗೆ ಸಾಹಿತಿ ಎಂದು ಹೆಸರಿಟ್ಟವನು, ನಾನು ಡಿಗ್ರಿ ಮುಗಿಸಿ ಕೆಲಸ ಸಿಗದೆ ಅಕ್ಕನ ಮನೆಗೆ ಬಂದು ಕೂತವಳು, ಹೊಸಬರ ಮುಖ ಕಂಡರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುವವಳು, ಇವಳನ್ನ ಕೌಂಟರಲ್ಲಿ ನಿಲ್ಲಿಸಿದ್ರೆ ಬಂದ ಗಿರಾಕಿ ಅಂಗಡಿ ಮುಚ್ಚಿದೆ ಅಂದ್ಕೊಂಡು ಹೋಗ್ತಾನೆ ಎಂದು ಭಾವ ಮೊದಲ ದಿನವೇ ಹೇಳಿದರು, ಹೇಳಿ ಈ ಕೋಣೆಯನ್ನು ತೋರಿಸಿದರು, ಹಳೆಯ ಪ್ರಿಂಟರುಗಳ ಸಮಾಧಿಯಾಗಿದ್ದ ಕೋಣೆ, ಅದನ್ನು ಗುಡಿಸಿ ಸಾರಿಸಿ ಗೋಡೆಗೆ ಬಟ್ಟೆ ಕಟ್ಟಿ ದೀಪ ಇಟ್ಟವಳು ನಾನು, ಇಲ್ಲಿಂದ ಯಾರ ಮುಖವನ್ನೂ ನೋಡದೆ ಊರೂರಿಗೆ ಮಾತಾಡಿದೆ. ಮಾತೆಂದರೆ ಮಾತೇ ಅಲ್ಲ, ಆನ್‌ಲೈನ್ ಸಂತೆಯಲ್ಲಿ ಜನ ವಾಕ್ಯದಲ್ಲಿ ಹುಡುಕುವುದಿಲ್ಲ, ತುಣುಕಿನಲ್ಲಿ ಹುಡುಕುತ್ತಾರೆ, ಕಂಪನಿ, ಮಾದರಿ ಸಂಖ್ಯೆ, ಬಣ್ಣ, ಓಡುತ್ತದೋ ಇಲ್ಲವೋ, ಶೀರ್ಷಿಕೆಯಲ್ಲಿ ಅದ್ಭುತ ಎಂದು ಬರೆದರೆ ಒಂದು ಪದದ ಜಾಗ ದಂಡ, ಅದ್ಭುತ ಎಂದು ಹುಡುಕಿಕೊಂಡು ಬರುವವರು ಭೂಮಿಯ ಮೇಲೆ ಯಾರೂ ಇಲ್ಲ, ಮೊದಲ ಚಿತ್ರ ಬಿಳಿ ಹಿನ್ನೆಲೆಯಲ್ಲಿರಬೇಕು, ಚೌಕಟ್ಟಿನಲ್ಲಿ ವಸ್ತುವಿನ ಹೊರತು ಏನೂ ಇರಬಾರದು, ಬೆರಳಂತೂ ಇರಲೇಬಾರದು, ಕೇಳಿದವರಿಗೆ ತಕ್ಷಣ ಉತ್ತರ ಕೊಡಬೇಕು — ಹೀಗೆ ಮಾಡಿದರೆ ವಸ್ತು ಮೊದಲ ಪುಟಕ್ಕೆ ಏರುತ್ತದೆ, ಮೊದಲ ಪುಟದಲ್ಲಿಲ್ಲದ್ದು ಲೋಕದಲ್ಲೇ ಇಲ್ಲ. ಇದಿಷ್ಟನ್ನೂ ಅವನಿಗೆ ಧಾರೆ ಎರೆದೆ. ಗುರುವಿಗೇ ತಿರುಮಂತ್ರ ಹಾಕಿ ಹೋದ. ಈಗ ಈ ಕೋಣೆಯನ್ನು ಅಳೆಯಲು ಯಾರೋ ಬರುತ್ತಾರಂತೆ, ಮೊಬೈಲ್ ಕವರ್ ಮಾರುವವನು, ಬೆಳಗ್ಗೆ ತಿಂಡಿ ತಿನ್ನುತ್ತ ಭಾವ ತಟ್ಟೆಯಿಂದ ತಲೆ ಎತ್ತದೆಯೇ ಹೇಳಿದರು, ನಮ್ಮ ಸಾಮಾನು ಎಲ್ಲೂ ಕಾಣಲ್ಲ ಅಂತೀಯ, ಅವನದೇ ಮೇಲೆ ಬರುತ್ತೆ ಅಂತೀಯ, ದಿನಾ ಅದೇ ರಾಗ, ಕಾಣದೇ ಇರೋದಕ್ಕೆ ಒಂದು ಕೋಣೆ ಬೇಕಾ, ಬಾಡಿಗೆಗಾದ್ರೂ ಕೊಡೋಣ, ನೀನು ಕೌಂಟರಿಗೆ ಬಾ, ನಿಧಾನಕ್ಕೆ ಅಭ್ಯಾಸ ಆಗುತ್ತೆ. ಅಭ್ಯಾಸ ಆಗುತ್ತದೆ. ನೇಣೂ ಕುತ್ತಿಗೆಗೆ ಅಭ್ಯಾಸ ಆಗುತ್ತದೆ, ಸ್ವಲ್ಪ ಹೊತ್ತಿನಲ್ಲೇ.

ಈಗ ನೆರಳು ಹೋಯಿತು, ಚೆನ್ನಾಗಿದೆ, ಕ್ಯಾಸೆಟ್ ಪ್ಲೇಯರಿನ ಕಿಟಕಿಯೊಳಗೆ ಎರಡು ಪುಟ್ಟ ಹಲ್ಲುಚಕ್ರಗಳು ಕಣ್ಣಿನಂತೆ ನೋಡುತ್ತಿವೆ, ನೋಡಬೇಡ, ನಿನ್ನ ಅಣ್ಣತಮ್ಮಂದಿರು ಅವನ ಹತ್ತಿರ ಇದ್ದಾರೆ ಎಂದು ಗೊತ್ತು. ಮುಚ್ಚಿಹೋದ ಭಾಷಾ ಶಾಲೆಯೊಂದರಿಂದ ಪೆಟ್ಟಿಗೆಗಟ್ಟಲೆ ಬಂದಿದ್ದವು ಇವು, ಎಲ್ಲವೂ ಒಂದೇ ಮಾದರಿ, ಒಂದೇ ಬಣ್ಣ, ಅವನು ಅಂಗಡಿ ಬಿಟ್ಟು ಹೋಗುವಾಗ ಸಂಬಳದ ಬಾಕಿಗೆ ಇದೇ ಸಾಕು ಎಂದು ಅರ್ಧ ಪೆಟ್ಟಿಗೆ ಹೊತ್ತುಕೊಂಡು ಹೋದ, ಭಾವ ಬೇಡ ಎನ್ನಲಿಲ್ಲ, ಪಾಪ ಒಳ್ಳೇ ಹುಡುಗ ಎಂದರು, ಒಳ್ಳೇ ಹುಡುಗ, ಹಲ್ಲು ಕಡಿದರೆ ದವಡೆ ನೋಯುತ್ತದೆ, ಕಡಿಯಬಾರದು, ಆದರೆ ಆ ದಿನ, ಸತ್ತ ಆಂಪ್ಲಿಫೈಯರ್ ಮರಳಿ ಬಂದ ದಿನ, ಡೆಲಿವರಿಯವನು ಬಾಗಿಲಲ್ಲಿ ಸಹಿಗಾಗಿ ಕಾಯುತ್ತಿದ್ದ, ಅಕ್ಕ ಚಹಾದ ತಟ್ಟೆ ಹಿಡಿದು ನಿಂತಿದ್ದಳು, ಭಾವ ಪೆಟ್ಟಿಗೆ ಬಿಚ್ಚಿ ಒಳಗಿದ್ದ ಗಿರಾಕಿಯ ಚೀಟಿ ಓದಿದರು, ವಿವರಣೆಗೆ ತಕ್ಕಂತಿಲ್ಲ, ವಸ್ತು ಸತ್ತಿದೆ, ಇದು ಮಾರಾಟಗಾರರ ಮೋಸ, ಇದನ್ನ ಪರೀಕ್ಷೆ ಮಾಡಿದ್ದು ಯಾರು ಎಂದು ಭಾವ ಕೇಳಿದ್ದು ಅವನನ್ನು, ಅವನು ಒಂದು ಗಳಿಗೆಯೂ ತಡೆಯಲಿಲ್ಲ, ಕೈ ಒರೆಸಿಕೊಳ್ಳುತ್ತ, ನಗುತ್ತಲೇ, ನನ್ನನ್ನ ಕೇಳಿದ್ರೆ ತಾನೇ, ಅವರೇ ಬರ್ಕೊಂಡು ಹಾಕಿಬಿಟ್ರು, ಓದಿದೋರಲ್ವಾ. ನಾನು ಕೇಳಿದ್ದೆ. ಬಾಗಿಲಲ್ಲಿ ನಿಂತು ಕೇಳಿದ್ದೆ, ಆಂಪ್ಲಿಫೈಯರ್ ನೋಡಿದಿರಾ, ಅವನು ತಿರುಗಿಯೂ ನೋಡದೆ, ಹೂಂ ಹೂಂ, ಬೊಂಬಾಟಾಗಿ ಓಡುತ್ತೆ, ಬರ್ಕೊಳ್ಳಿ ಸಾಹಿತಿ, ಅಂದಿದ್ದ, ನಾನು ಬರೆದಿದ್ದೆ, ಪರೀಕ್ಷಿಸಲಾಗಿದೆ, ಸುಸ್ಥಿತಿಯಲ್ಲಿದೆ. ಆ ದಿನ ಎಲ್ಲರೂ ನನ್ನತ್ತ ತಿರುಗಿದರು, ಭಾವ, ಅಕ್ಕ, ಡೆಲಿವರಿಯವನು ಕೂಡ, ನನ್ನ ಬಾಯಿ ತೆರೆಯಿತು, ತೆರೆದದ್ದು ಗೊತ್ತು, ಮಾತು ಬರಲಿಲ್ಲ, ಬಾವಿಗೆ ಇಳಿಬಿಟ್ಟ ಕೊಡ ನೀರಿಲ್ಲದೆ ಮೇಲೆ ಬಂದ ಹಾಗೆ ಖಾಲಿ ಬಾಯಿ ಮುಚ್ಚಿಕೊಂಡಿತು. ಬಾಯಿದ್ದವ ಬರಗಾಲದಲ್ಲೂ ಬದುಕಿದ. ಅವನು ಬದುಕಿದ. ಬಾಯಿಲ್ಲದವಳ ಮೇಲೆ ಬಿತ್ತು, ಆ ಒಂದು ಮರಳಿಕೆಗೆ ಅಂಗಡಿಯ ಖಾತೆ ದಡಬಡ ಕೆಳಗಿಳಿಯಿತು, ಮೊದಲ ಪುಟದ ರೇಡಿಯೋಗಳೆಲ್ಲ ರಾತ್ರೋರಾತ್ರಿ ಪಾತಾಳಕ್ಕೆ, ಮನೆಯಲ್ಲಿ ಯಾರೂ ಬೈಯಲಿಲ್ಲ, ಬೈದಿದ್ದರೆ ಬೈಗುಳಕ್ಕಾದರೂ ಉತ್ತರ ಕೊಡುತ್ತಿದ್ದೆನೋ ಏನೋ, ಅಕ್ಕ ಮಾತ್ರ ಚಹಾ ಕೊಡುತ್ತ, ಹೋಗ್ಲಿ ಬಿಡೇ, ಎಲ್ಲರೂ ತಪ್ಪು ಮಾಡ್ತಾರೆ. ಎಲ್ಲರೂ. ಅಕ್ಕ, ನಾನು ಮಾಡಲಿಲ್ಲ. ಈ ಮೂರು ಪದ ಗಂಟಲಲ್ಲಿ ಮೀನಿನ ಮುಳ್ಳಾಗಿ ಇವತ್ತಿಗೂ ಅಡ್ಡ ನಿಂತಿವೆ.

ಆಮೇಲೆ ಅವನು ಅಲ್ಲೇ ಎದುರು ರಸ್ತೆಯ ಕಟ್ಟಡವೊಂದರ ಮೆಟ್ಟಿಲಡಿಯಲ್ಲಿ ಮೇಜು ಹಾಕಿಕೊಂಡ, ಸಂತೆಯಲ್ಲಿ ಸ್ವಂತ ಖಾತೆ ತೆರೆದ, ಇವೇ ಪ್ಲೇಯರುಗಳನ್ನು ಇಟ್ಟ, ಮತ್ತು ಕೆಳಗೆ ಬರೆದಿದ್ದ — ಇದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ — ಬರೆದಿದ್ದ, ಮೈಮೇಲೆ ಗೀರುಗಳಿವೆ, ದನಿಯ ಮೇಲೆ ಇಲ್ಲ. ಅದು ನನ್ನ ವಾಕ್ಯ. ಒಂದು ಮಧ್ಯಾಹ್ನವಿಡೀ ಇದೇ ಸ್ಟೂಲಿನ ಮೇಲೆ ಕೂತು ಕಾಲು ಜೋಮು ಹಿಡಿಯುವವರೆಗೆ ಯೋಚಿಸಿ ಬರೆದದ್ದು, ಬರೆದ ಮೇಲೆ ಅವನೊಬ್ಬನಿಗೇ ಓದಿ ಹೇಳಿದ್ದೆ, ಅವನು ಬೆಸುಗೆ ಕಡ್ಡಿ ಕೆಳಗಿಟ್ಟು, ಇನ್ನೊಂದ್ಸಲ ಓದಿ, ಅಂದಿದ್ದ, ಸಾಹಿತಿಗಳೇ ಎನ್ನದೆ, ಬರೀ ಇನ್ನೊಂದ್ಸಲ ಓದಿ, ನಾನು ಓದಿದ್ದೆ, ಅವತ್ತು ಸಂಜೆ ಮನೆಗೆ ಹೋಗುವ ದಾರಿ ಚಿಕ್ಕದಾಗಿತ್ತು, ಇರಲಿ, ಅದನ್ನೆಲ್ಲ ನೆನೆಯಬಾರದು. ಶೀರ್ಷಿಕೆಯೂ ನನ್ನದೇ ಕ್ರಮ, ಬೆಳಕೂ ನನ್ನದೇ ಕೋನ, ಒಂದೇ ಒಂದು ಅವನದು, ಮೊದಲ ಚಿತ್ರದ ಬಲಮೂಲೆಯಲ್ಲಿ ಪ್ಲೇಯರನ್ನು ಹಿಡಿದ ಅವನ ಹೆಬ್ಬೆರಳು, ಉಗುರಿನ ಪಕ್ಕ ಬೆಸುಗೆ ಸುಟ್ಟ ಗುರುತು, ನುಣ್ಣಗೆ ಹೊಳೆಯುವ ಅಕ್ಕಿಕಾಳಿನಷ್ಟು ಜಾಗ. ಬೆರಳು ಬೇಡ ಎಂದು ಹೇಳಿಕೊಟ್ಟವಳಿಗೆ ತೋರಿಸಿದ ಬೆರಳು. ಹಾವಿನ ದ್ವೇಷ ಹನ್ನೆರಡು ವರುಷವಂತೆ, ಹಾವಿಗೆ ಅಷ್ಟು ಪುರುಸೊತ್ತಿದೆ, ನನಗಿಲ್ಲ, ಅವತ್ತೇ ಇನ್ನೊಂದು ಖಾತೆ ತೆರೆದೆ, ನೀಲಿಛತ್ರಿ ಎಂದು ಹೆಸರಿಟ್ಟೆ, ಹಾಸ್ಟೆಲಿನ ಗೆಳತಿಯ ವಿಳಾಸ ಕೊಟ್ಟೆ. ಸಂತೆಯ ಗುಟ್ಟುಗಳಲ್ಲಿ ಅವನಿಗೆ ಹೇಳದೆ ಉಳಿಸಿಕೊಂಡ ಒಂದೇ ಒಂದು ಗುಟ್ಟಿತ್ತು, ಜನ ಬಂದು ನೋಡುವುದು ಪುಣ್ಯವಲ್ಲ, ನೋಡಿ ಕೊಳ್ಳದೆ ಹೋದರೆ ಅದೇ ಶಾಪ, ನೋಡಿದವರೆಲ್ಲ ಬಿಟ್ಟುಹೋಗುವ ವಸ್ತುವಿನಲ್ಲಿ ಏನೋ ಐಬಿದೆ ಎಂದುಕೊಂಡು ಸಂತೆಯ ಲೆಕ್ಕದ ಯಂತ್ರ ಅದನ್ನು ಮೆಲ್ಲಗೆ ಕೆಳಗೆ ಇಳಿಸುತ್ತದೆ. ಹಾಗಾಗಿ ನೋಡಿದೆ. ಕೊಳ್ಳದೆ ಬಂದೆ. ಎದ್ದ ಕೂಡಲೇ ನೋಡಿದೆ, ಬಸ್ಸಿನಲ್ಲಿ ನೋಡಿದೆ, ಅಕ್ಕ ಸೊಪ್ಪು ಬಿಡಿಸಿಕೊಡು ಎಂದರೆ ಒಂದು ಕೈಯಲ್ಲಿ ಸೊಪ್ಪು ಬಿಡಿಸುತ್ತ ಇನ್ನೊಂದರಲ್ಲಿ ನೋಡಿದೆ, ಚಿತ್ರ ದೊಡ್ಡದು ಮಾಡಿ ನೋಡಿದೆ, ಹೃದಯದ ಗುರುತು ಒತ್ತಿದೆ, ತೆಗೆದೆ, ಬುಟ್ಟಿಗೆ ಹಾಕಿದೆ, ಬುಟ್ಟಿಯಿಂದ ಎಸೆದೆ, ಎಸೆಯುವಾಗ ಸುಖವಾಗುತ್ತಿತ್ತು, ಕಾಲಡಿ ಏನೋ ಚಿಟಕ್ಕೆಂದ ಹಾಗೆ, ಇಳಿ, ಇಳಿ, ಪಾತಾಳಕ್ಕೆ ಇಳಿ. ಇಳಿಯಲಿಲ್ಲ. ಮಾದರಿ ಸಂಖ್ಯೆ ಹಾಕಿ ಹುಡುಕಿದರೆ ಪ್ರತಿಸಲವೂ ಮೊದಲಿಗೆ ಅದೇ ಹೆಬ್ಬೆರಳು, ನಾನು ನನ್ನ ಚಿತ್ರಗಳನ್ನು ಬದಲಿಸಿದೆ, ಹೆಬ್ಬೆರಳು, ವಿವರಣೆ ತಿದ್ದಿದೆ, ಹೆಬ್ಬೆರಳು, ಎಂಥೆಂಥ ಪೆದ್ದರಿಗೂ ಕೇಳಿದ ಮರುಗಳಿಗೆಯೇ ಉತ್ತರ ಕೊಟ್ಟೆ, ಕ್ಯಾಸೆಟ್ ಜೊತೆಗೆ ಹಾಡೂ ಬರುತ್ತಾ ಎಂದು ಕೇಳಿದವನಿಗೂ ಸಮಾಧಾನದಿಂದ ಬರೆದೆ, ಆದರೂ ಹೆಬ್ಬೆರಳು, ಸೋತು ಭಾವನಿಗೆ ಹೇಳಿದೆ, ಅವನದೇ ಮೇಲೆ ಬರ್ತಿದೆ ಭಾವ, ಅದಕ್ಕೇ ಇವತ್ತು ಅಳತೆಯವನು.

ಬಂದರು. ಮುಂಗಡೆ ಚಪ್ಪಲಿಯ ಸದ್ದು, ಭಾವನ ಕೆಮ್ಮು, ಬನ್ನಿ ಬನ್ನಿ ಒಳಗೆ ಸ್ವಲ್ಪ ತಲೆ ತಗ್ಗಿಸಿ, ಕವರಿನವನು ತಲೆ ತಗ್ಗಿಸದೆ ಬಾಗಿಲಿಗೆ ಹಣೆ ಬಡಿಸಿಕೊಂಡ, ಒಳ್ಳೆಯದಾಯಿತು, ಇನ್ನೊಮ್ಮೆ ಬಡಿಯಲಿ, ಅಳತೆ ಟೇಪನ್ನು ಸರ್ರನೆ ಎಳೆದು ನನ್ನ ಬಿಳಿ ಬಟ್ಟೆಯ ಮೇಲೇ ಹಿಡಿದ, ಈ ಬಟ್ಟೆ ಗಿಟ್ಟೆ ಎಲ್ಲಾ ತೆಗೀತೀರಲ್ವಾ ಸಾರ್, ಬಟ್ಟೆ ಗಿಟ್ಟೆ, ನಾನು ಪ್ಲೇಯರನ್ನು ಎದೆಗೆ ಒತ್ತಿಕೊಂಡು ಮೂಲೆಗೆ ಸರಿದೆ, ಹೇಳು, ಈಗಲಾದರೂ ಬಾಯಿ ಬಿಡು, ಇದು ನನ್ನ ಕೋಣೆ, ಮುಳ್ಳು ಅಲ್ಲಾಡಿತು, ಅಷ್ಟೇ. ಅಷ್ಟರಲ್ಲಿ ಅಕ್ಕ ಚಹಾ ತಂದಳು, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮೊಬೈಲು, ಅಲ್ವೇ, ನಿನ್ನ ಆ ಕ್ಯಾಸೆಟ್ಟಿನ ಡಬ್ಬಿ ಎಷ್ಟು ಚೆಂದ ಕಾಣ್ತಿದೆಯೇ, ನಮ್ಮ ಪಕ್ಕದ ಮನೆಯಾಕೆ ಕೇಳಿದ್ಲು ಅಂತ ನೋಡ್ದೆ, ಮೊದಲನೇದೇ ನಿಂದು, ಅದರ ಕೆಳಗಿನದೂ ನಿಂದೇ. ಭಾವ ಕನ್ನಡಕ ಏರಿಸಿದರು, ಎಲ್ಲಿ ಕೊಡು ಇಲ್ಲಿ, ಅವಳ ಮೊಬೈಲು ನೋಡಿದರು, ನಂಬದೆ ತಮ್ಮದರಲ್ಲಿ ಹುಡುಕಿದರು, ಅದರಲ್ಲೂ ನಮ್ಮದೇ, ಕವರಿನವನಿಗೂ ಕುತೂಹಲ, ನಂದ್ರಲ್ಲೂ ನೋಡ್ತೀನಿ ಇರಿ, ಟೇಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒತ್ತಿದ, ಹೌದು ಸಾರ್, ನಿಮ್ಮದೇ ಇರೋದು ಮೇಲೆ, ಫೋಟೋ ಚೆನ್ನಾಗಿದೆ, ಯಾರು ತೆಗೆದಿದ್ದು, ನಮ್ಮ ಕವರಿಗೂ ತೆಗೆದುಕೊಡ್ತಾರಾ. ಭಾವ ಈ ಕಡೆ ತಿರುಗಿದರು, ಮತ್ತೆ ನೀನ್ಯಾಕಮ್ಮಾ ಇಷ್ಟು ದಿನ ಮುಖ ಊದಿಸ್ಕೊಂಡು ಅವನದು ಮೇಲೆ ಅವನದು ಮೇಲೆ ಅಂತಿದ್ದೆ, ಅವನು ಎಲ್ಲೂ ಇಲ್ವಲ್ಲ ಇಲ್ಲಿ. ಕಂಕುಳಿನಿಂದ ಜಾರಿದ ಟೇಪು ಸರ್ರೆಂದು ಸುತ್ತಿಕೊಂಡು ಡಬ್ಬಿಯೊಳಗೆ ಹೋಯಿತು. ಸರಿ, ನೋಡೋಣ ಬಿಡಿ, ಕೋಣೆ ಇರ್ಲಿ ಸದ್ಯಕ್ಕೆ, ಎಂದರು ಭಾವ, ಯಾರಿಗೆ ಹೇಳಿದರೋ, ಹೊರಗೆ ಹೋದರು, ಕವರಿನವನು ಈ ಸಲ ತಲೆ ತಗ್ಗಿಸಿದ. ಭಾವ ಮರಳಿಸಿದ ಮೊಬೈಲು ಅಕ್ಕನ ಕೈಯಲ್ಲಿತ್ತು, ಕೊಡಕ್ಕಾ ಸ್ವಲ್ಪ ಎಂದೆ, ಏನು ನೋಡ್ತೀಯೋ ನೋಡಿ ಕೊಡು, ಮುಂಗಡೆ ಸ್ಟವ್ ಮೇಲಿರೋ ಹಾಲು ಉಕ್ಕುತ್ತೆ ನಾನು ಹೋಗ್ಬೇಕು.

ಮೊದಲ ಪುಟದಲ್ಲಿ ಇಲ್ಲ, ಎರಡನೆಯದರಲ್ಲಿ ಇಲ್ಲ, ಜಾರಿಸುತ್ತೇನೆ, ಜಾರಿಸುತ್ತಲೇ ಹೋಗುತ್ತೇನೆ, ಹೆಡ್‌ಫೋನು, ಒಡೆದ ಗಡಿಯಾರ, ತಂತಿಯಿಲ್ಲದ ಫೋನು, ಫೋನಿಲ್ಲದ ತಂತಿ, ಇಲ್ಲ, ಇನ್ನೂ ಇಲ್ಲ, ಯಾರೂ ಕಾಲಿಡದ ನೆಲಮಾಳಿಗೆಗೆ ಬಂದೆ, ಇಲ್ಲಿ ಸತ್ತ ರಿಮೋಟುಗಳ ಗಂಟು, ಒಂಟಿ ಸ್ಪೀಕರು, ಅವುಗಳ ಕೆಳಗೆ, ಅಕೋ, ಪುಟ್ಟದಾಗಿ, ಹೆಬ್ಬೆರಳು. ಅಯ್ಯೋ ನನ್ನಪ್ಪಾ, ಎಷ್ಟು ಕೆಳಗೆ. ನಗು ಬಂತು, ಬಾಯಿಗೆ ಬಿಳಿ ಬಟ್ಟೆ ಒತ್ತಿಕೊಂಡು ನಕ್ಕೆ, ನಾನೇ ತಳ್ಳಿದ್ದು, ಒಂದೊಂದೇ ನೋಟದಿಂದ ತಳ್ಳಿದ್ದು, ಮಾತಿಲ್ಲದೆ, ಸದ್ದಿಲ್ಲದೆ, ಊಟ ಬಲ್ಲವನಿಗೆ ರೋಗವಿಲ್ಲ ಮಾತು ಬಲ್ಲವನಿಗೆ ಜಗಳವಿಲ್ಲ, ಮಾತು ಬಾರದವಳ ಜಗಳ ನೋಡು ಬಾ ಹೇಗಿರುತ್ತದೆ, ಮೆಟ್ಟಿಲಡಿಯ ಮೇಜಿನಲ್ಲಿ ಯಾರೂ ಬಾರದೆ ಕೂತಿರುತ್ತೀಯಲ್ಲ, ಹಾಗಿರುತ್ತದೆ. ಅಕ್ಕನಿಗೆ ಮೊಬೈಲು ಕೊಟ್ಟು ಬಂದು ನನ್ನದನ್ನು ತೆಗೆದೆ, ಅದೇ ಪಾತಾಳವನ್ನು ಇಲ್ಲೂ ನೋಡುವ ಆಸೆಗೆ, ಹುಡುಕಿದರೆ, ಮೊದಲ ಪುಟ, ಮೊದಲ ಸಾಲು, ಹೆಬ್ಬೆರಳು. ಮತ್ತೆ ಹುಡುಕಿದೆ, ಹೆಬ್ಬೆರಳು. ಆಗ ತಿಳಿಯಿತು, ಯಂತ್ರಕ್ಕೆ ದ್ವೇಷ ಅರ್ಥವಾಗುವುದಿಲ್ಲ, ಎದ್ದ ಕೂಡಲೇ ನೋಡುವವಳು, ಬಸ್ಸಿನಲ್ಲಿ ನೋಡುವವಳು, ದೊಡ್ಡದು ಮಾಡಿ ನೋಡುವವಳು, ಇವಳಿಗೆ ಇದು ಬೇಕೇ ಬೇಕು ಎಂದು ಅದು ತೀರ್ಮಾನಿಸಿದೆ, ಲೋಕದ ಕಣ್ಣಿಂದ ತೆಗೆದು ನನ್ನೊಬ್ಬಳ ಕಣ್ಣ ಮುಂದೆ ಇಟ್ಟಿದೆ, ಊರಲ್ಲೆಲ್ಲ ಅವನನ್ನು ಮೊದಲ ಪುಟದಲ್ಲಿ ಕಾಣುವವಳು ನಾನೊಬ್ಬಳೇ. ಥೂ. ಈ ಸಂತೆಯವರಿಗೆ ಇದನ್ನು ವಿವರಿಸಿ ಹೇಳುವುದಕ್ಕಾದರೂ ಎಲ್ಲಿ ಗುಂಡಿ ಇದೆ, ಇಲ್ಲ ಸ್ವಾಮಿ, ಪ್ರೀತಿಯಲ್ಲ, ಎಂದು ಹೇಳುವ ಗುಂಡಿ — ಫೋನು ಕೈಯಲ್ಲೇ ನಡುಗಿತು, ಸಂದೇಶ, ನೀಲಿಛತ್ರಿಗೆ, ಅವನಿಂದ. ನಮಸ್ಕಾರ, ದಿನಾ ಬಂದು ನೋಡೋರು ನೀವೊಬ್ರೇ ಅನ್ಸುತ್ತೆ, ಏನಾದ್ರೂ ಸಂದೇಹ ಇದ್ರೆ ಕೇಳಿ, ಸಂಕೋಚ ಬೇಡ. ಸಂಕೋಚ ಬೇಡವಂತೆ. ನನ್ನ ಬೆರಳುಗಳು ಬರೆದವು, ಬಾಯಿಗೆ ಬಾರದ್ದು ಬೆರಳಿಗೆ ಯಾವತ್ತೂ ಬರುತ್ತದೆ, ಪರೀಕ್ಷೆ ಮಾಡಿದ್ದೀರಾ? ತಕ್ಷಣ ಉತ್ತರ ಬಂತು, ನಾನು ಹೇಳಿಕೊಟ್ಟ ಹಾಗೆಯೇ ತಕ್ಷಣ, ಒಂದೊಂದನ್ನೂ ನಾನೇ ಕೂತು ಮಾಡಿದ್ದೀನಿ, ಹಿಂದೆ ಕೆಲಸ ಮಾಡ್ತಿದ್ದ ಕಡೆ ಒಂದ್ಸಲ ನೋಡದೇನೇ ಓಡುತ್ತೆ ಅಂದ್ಬಿಟ್ಟೆ, ಬೇರೆಯವರ ತಲೆಗೆ ಬಂತು ಪಾಪ, ಅವತ್ತಿಂದ ಪಾಠ ಕಲಿತೆ, ನಂಬಿ ತಗೊಳ್ಳಿ. ಇದೋ. ಇಷ್ಟು ದಿನ ಕಾದ ಮಾತು ಇದೋ, ಇಷ್ಟು ಸಲೀಸಾಗಿ, ಯಾರೋ ನೀಲಿಛತ್ರಿಗೆ, ಗಿರಾಕಿಗೆ, ಸಾಮಾನು ಸಾಗಲಿ ಎಂದು — ನನ್ನ ವಾಕ್ಯವನ್ನು ಮಾರಿದವನು ಈಗ ನನ್ನ ಅವಮಾನವನ್ನೂ ಮಾರುತ್ತಿದ್ದಾನೆ, ಪರೀಕ್ಷಿಸಲಾಗಿದೆ, ಸುಸ್ಥಿತಿಯಲ್ಲಿದೆ. ಓಡಿಹೋಗಿ ಭಾವನ ಮುಖಕ್ಕೆ ಹಿಡಿಯಲೇ, ನೋಡಿ ಅವನೇ ಒಪ್ಪಿಕೊಂಡಿದ್ದಾನೆ, ಹಿಡಿದರೆ ಭಾವ ಮೊದಲು ಕೇಳುವುದು, ಈ ನೀಲಿಛತ್ರಿ ಯಾರು, ದಿನಾ ಬಂದು ಅವನದನ್ನ ಯಾಕೆ ನೋಡ್ತಿದ್ಲು, ಅಕ್ಕ ಬಾಯಿಗೆ ಸೆರಗು ಹಿಡಿದು ನನ್ನನ್ನೇ ನೋಡುತ್ತಾಳೆ, ಆ ನೋಟದಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತು, ಯಂತ್ರಕ್ಕೆ ಗೊತ್ತಾದದ್ದೇ ಅವಳಿಗೂ ಗೊತ್ತಾಗಿಬಿಟ್ಟಿರುತ್ತದೆ. ಬರೆದೆ, ಆ ಬೇರೆಯವರಿಗೆ ಹೇಳಿದಿರಾ, ತಪ್ಪು ನಿಮ್ಮದೆಂದು? ಈ ಸಲ ತಡವಾಯಿತು. ಮೂರು ಚುಕ್ಕೆ ಕುಣಿದವು, ನಿಂತವು, ಕುಣಿದವು. ಅದೆಲ್ಲಾ ಹಳೇ ಕಥೆ ಬಿಡಿ ಮೇಡಂ, ಅವರು ಮಾತಾಡೋರಲ್ಲ, ಮನಸ್ಸಿಗೆ ಹಚ್ಕೊಳ್ಳೋರೂ ಅಲ್ಲ, ಈಗ ನೋಡಿ, ಓಡೋ ವಿಡಿಯೋ ಕಳಿಸಿದ್ದೀನಿ. ಹಚ್ಚಿಕೊಳ್ಳುವವರೂ ಅಲ್ಲ. ಸರಿ. ಹಾಗಾದರೆ ಕೊಳ್ಳುತ್ತೇನೆ. ಹೊಳೆದದ್ದು ಎಷ್ಟು ಸರಳ, ಕೊಂಡು, ಪೆಟ್ಟಿಗೆ ಬಿಚ್ಚಿ, ಮರಳಿ ಕಳಿಸುತ್ತೇನೆ, ಕಾರಣದ ಜಾಗದಲ್ಲಿ ವಿವರಣೆಗೆ ತಕ್ಕಂತಿಲ್ಲ ಎಂದು ಒತ್ತುತ್ತೇನೆ, ಒಂದೇ ಒಂದು ಮರಳಿಕೆ ನನ್ನನ್ನು ಏನು ಮಾಡಿತೋ ಅದನ್ನೇ ನಿನಗೂ, ಪಾತಾಳದ ಕೆಳಗೂ ಒಂದು ಪಾತಾಳವಿದೆ, ತೋರಿಸುತ್ತೇನೆ ಬಾ. ಕೊಳ್ಳಿ ಎಂಬ ಹಳದಿ ಗುಂಡಿ, ಒತ್ತಿದೆ. ಧನ್ಯವಾದಗಳು, ನೀಲಿಛತ್ರಿ, ಎಂದಿತು ಪರದೆ. ಆದರೆ ಅದು ಓಡುತ್ತದೆ, ಓಡುವುದನ್ನು ಸತ್ತಿದೆ ಎನ್ನಬೇಕು, ಎನ್ನುತ್ತೇನೆ, ವಿವರಣೆಗೆ ತಕ್ಕಂತಿಲ್ಲ ಎನ್ನಬೇಕು, ಎನ್ನುತ್ತೇನೆ, ವಿವರಣೆ — ಮೈಮೇಲೆ ಗೀರುಗಳಿವೆ, ದನಿಯ ಮೇಲೆ ಇಲ್ಲ — ಆ ವಿವರಣೆ ಸುಳ್ಳೆಂದು ನಾನೇ ಸಹಿ ಹಾಕಬೇಕು, ಹಾಕುತ್ತೇನೆ, ಹಾಕಿಯೇ ಹಾಕುತ್ತೇನೆ, ಹೊರಗೆ ಭಾವ ಯಾರಿಗೋ ಹೇಳುತ್ತಿದ್ದಾರೆ ನಮ್ಮ ನಾದಿನಿನೇ ಬರೆಯೋದು ಎಲ್ಲಾ, ಬಲೇ ಚೂಟಿ, ಫೋನಿನಲ್ಲಿ ಆ ವಿಡಿಯೋ ತಾನಾಗಿ ಓಡುತ್ತಿದೆ, ಚಿಕ್ಕದು, ಮುಗಿದರೆ ಮತ್ತೆ ಮೊದಲಿಂದ, ಬಿಳಿ ಬಟ್ಟೆ, ಬೆಳ್ಳಿಯ ಮೈ, ಬಲಗಡೆಯಿಂದ ಬರುತ್ತದೆ, ಅಕ್ಕಿಕಾಳಿನಷ್ಟು ಹೊಳಪು, ಗುಂಡಿಯ ಮೇಲೆ ಕೂರುತ್ತದೆ, ಒತ್ತುತ್ತದೆ, ಚಕ್ರ ತಿರುಗುತ್ತದೆ, ಮತ್ತೆ ಮೊದಲಿಂದ, ಬರುತ್ತದೆ, ಕೂರುತ್ತದೆ, ಒತ್ತುತ್ತದೆ, ಬರುತ್ತದೆ, ಹೆಬ್ಬೆರಳು, ಒತ್ತುತ್ತದೆ, ಹೆಬ್ಬೆರಳು